ನನ್ನ ಮದುವೆಗೆ ನಾನೇ ಕೊಟ್ಟ ಆಕ್ಷೇಪಣೆ

ನವನಗರಕ್ಕೆ ಮನೆ ಬದಲಿಸುವಾಗ ಹಳೆಯ ಡೈರಿಗಳು ಸಿಕ್ಕವು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ತೊಂಬತ್ತರ ದಶಕದ ಕೊನೆಯ ಡೈರಿಯೊಂದನ್ನು ತೆರೆದು ಗೋಣಿಚೀಲದ ಮೇಲೆ ಕೂತು ಓದಿದೆ. ಆಗ ನನಗೆ ಗೊತ್ತುಮಾಡಿದ್ದ ಪೊಲೀಸ್ ಸಬ್‌ಇನ್‌ಸ್ಪೆಕ್ಟರನ ಬಗ್ಗೆ ಅದರಲ್ಲಿ ಹೀಗೆ ಬರೆದಿದ್ದೆ: "ಆತನ ಕಣ್ಣುಗಳಲ್ಲಿ ಯಾರಿಗೂ ಹೇಳಲಾಗದ ಒಂದು ನೋವಿತ್ತು." ನನಗೆ ನೆನಪಿರುವಂತೆ ಆ ವಾರ ಆತನಿಗೆ ಕಣ್ಣುಬೇನೆ ಬಂದಿತ್ತು. ಹುಬ್ಬಳ್ಳಿಯಲ್ಲಿ ಅರ್ಧ ಊರಿಗೆ ಬಂದಿತ್ತು. ನನಗೂ ಬಂದಿತ್ತು.

ಹಾಗಾಗಿ ಇಲ್ಲಿ ಡೈರಿಯನ್ನು ಪೂರ್ತಿ ನಂಬಿಲ್ಲ. ನೆನಪನ್ನೂ ನಂಬಿಲ್ಲ, ಏಕೆಂದರೆ ಆ ಕಾಲದಲ್ಲಿ ಎರಡಕ್ಕೂ ಒಂದೇ ರೋಗ ಹತ್ತಿತ್ತು. ರೋಗದ ಮೂಲ ನಮ್ಮ ಚರ್ಚಿನ ಕಪಾಟು.

ಸಮುದ್ರದಾಚೆಯ ಯಾವುದೋ ಸಭೆಯವರು ವರ್ಷಕ್ಕೊಮ್ಮೆ ನಮಗೆ ರಟ್ಟಿನ ಡಬ್ಬಿಗಳಲ್ಲಿ ಹಳೆಯ ಸ್ವೆಟರು, ಮಕ್ಕಳ ಬೂಟು, ಪುಸ್ತಕಗಳನ್ನು ಕಳಿಸುತ್ತಿದ್ದರು. ಸ್ವೆಟರುಗಳು ಹುಬ್ಬಳ್ಳಿಯ ಸೆಕೆಗೆ ಉಪಯೋಗವಿರಲಿಲ್ಲ. ಪುಸ್ತಕಗಳಲ್ಲಿ ಅರ್ಧ ಭಕ್ತಿಯವು, ಇನ್ನರ್ಧ ಪೊಲೀಸರ ಪ್ರೇಮಕಥೆಗಳು. ಭಕ್ತಿಯೂ ಪ್ರೇಮವೂ ಕೊಲೆಯೂ ಒಂದೇ ಪುಸ್ತಕದಲ್ಲಿ ಸಿಗುವ ಆ ಜಾತಿಯ ಕಾದಂಬರಿ ಕನ್ನಡದಲ್ಲಿ ನಾನು ಕಂಡಿಲ್ಲ. ಎತ್ತರದ ಪತ್ತೇದಾರ. ಜೊತೆಗಾರ ಗುಂಡಿಗೆ ಬಲಿಯಾದ ಮೇಲೆ ದೇವರನ್ನು ಬಿಟ್ಟವನು. ಕೊಲೆಯನ್ನು ಕಣ್ಣಾರೆ ಕಂಡ ಹೆಣ್ಣುಮಗಳೊಬ್ಬಳನ್ನು ಕಾಯುವ ಕೆಲಸ ಅವನಿಗೆ ಬೀಳುತ್ತದೆ. ಅವಳು ಪ್ರಾರ್ಥಿಸುತ್ತಾಳೆ, ಅವನು ಕಿಟಕಿಯಾಚೆ ನೋಡುತ್ತಾನೆ. ಕೊನೆಗೆ ಅವನ ಎಡಭುಜಕ್ಕೆ ಗುಂಡು ತಗಲುತ್ತದೆ. ಯಾವಾಗಲೂ ಎಡಭುಜ. ಆಮೇಲೆ ಪಶ್ಚಾತ್ತಾಪ, ಆಮೇಲೆ ಮುತ್ತು. ಈ ಕ್ರಮ ಎಂದೂ ತಪ್ಪುವುದಿಲ್ಲ.

ಕಪಾಟಿನ ಕೀಲಿ ನಮ್ಮ ಸ್ತ್ರೀ ಸಂಘದ ಅಕ್ಕೋರ ಹತ್ತಿರ ಇತ್ತು. ಮದುವೆಯಾಗದೆ, ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಮುತ್ತು ಬರುವ ಪುಟಗಳನ್ನು ಅವರು ಮೈದಾ ಅಂಟಿನಿಂದ ಒಂದಕ್ಕೊಂದು ಅಂಟಿಸಿಯೇ ಪುಸ್ತಕ ಹೊರಗೆ ಬಿಡುತ್ತಿದ್ದರು. ಚಹಾದ ಕಿಟ್ಲಿಯ ಉಗಿಗೆ ಹಿಡಿದರೆ ಅವು ಬಿಚ್ಚಿಕೊಳ್ಳುತ್ತವೆ ಎಂಬುದನ್ನು ನಾನು ಹದಿನೇಳನೆಯ ವಯಸ್ಸಿನಲ್ಲಿ ಕಂಡುಹಿಡಿದೆ. ನನ್ನ ಶೈಕ್ಷಣಿಕ ಜೀವನದ ಮೊದಲ ಸಂಶೋಧನೆ ಅದು. ಮುಂದೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ. ಮಾಡುವಾಗ ಸಹಪಾಠಿಗಳ ಮುಂದೆ ದೊಡ್ಡ ದೊಡ್ಡ ವಿಮರ್ಶೆಯ ಮಾತಾಡಿ, ಹುಬ್ಬಳ್ಳಿಗೆ ಹಿಂತಿರುಗುವ ಬಸ್ಸಿನಲ್ಲಿ ಚೀಲದೊಳಗೆ ಕೈಹಾಕಿ ಇವನ್ನೇ ಓದುತ್ತಿದ್ದೆ. ರಟ್ಟಿನ ಮೇಲೆ ಪಿಸ್ತೂಲು ಮತ್ತು ಸೂರ್ಯಾಸ್ತ ಇರುತ್ತಿದ್ದರಿಂದ ಪುಸ್ತಕವನ್ನು ಹೊರಗೆ ತೆಗೆಯುವಂತಿರಲಿಲ್ಲ.

ಇಪ್ಪತ್ತೇಳು ದಾಟಿದಾಗ ನಮ್ಮ ಸಭಾಪಾಲಕರು, ನಾವೆಲ್ಲ ಅಯ್ಯನವರು ಎನ್ನುತ್ತಿದ್ದವರು, ಸಂಬಂಧವೊಂದನ್ನು ತಂದರು. ಹುಡುಗ ಗದಗಿನ ಕಡೆಯವನು, ನಮ್ಮವರೇ, ಹುಬ್ಬಳ್ಳಿಯ ಠಾಣೆಯೊಂದರಲ್ಲಿ ಸಬ್‌ಇನ್‌ಸ್ಪೆಕ್ಟರ್. ಅವ್ವ ಆ ಸಂಜೆ ಮೊಣಕಾಲೂರಿ ದೇವರಿಗೆ ಉಪಕಾರ ಹೇಳಿದಳು. ನಾನು ಕನ್ನಡಿಯ ಮುಂದೆ, ಕೊಲೆಯನ್ನು ಕಂಡವಳ ಮುಖ ಹೇಗಿರಬಹುದೆಂದು ನೋಡಿಕೊಂಡೆ.

ಹುಡುಗ ನೋಡಲು ಬಂದ. ಎತ್ತರವಿರಲಿಲ್ಲ. ಎರಡು ಪ್ಲೇಟು ಅವಲಕ್ಕಿ ತಿಂದ. ಏನಾದರೂ ಕೇಳುವುದಿದ್ದರೆ ಕೇಳಪ್ಪ ಎಂದರು ಅಯ್ಯನವರು. ನಾನು ಉಸಿರು ಬಿಗಿಹಿಡಿದೆ. ಆತ ನನ್ನ ಕಡೆ ತಿರುಗಿ ಕೇಳಿದ: "ನಿಮ್ಮ ಓಣ್ಯಾಗ ನೀರು ಎಷ್ಟು ದಿನಕ್ಕ ಬಿಡ್ತಾರ್ರಿ?"

"ಎಂಟ ದಿನಕ್ಕೊಮ್ಮೆ," ಎಂದೆ.

"ನಮ್ಮಲ್ಲೆ ಹತ್ತು," ಎಂದ ಆತ, ವಿಷಾದದಿಂದ. ನಮ್ಮ ಮೊದಲ ಸಂಭಾಷಣೆ ಮುಗಿಯಿತು.

ಹಾಗಂತ ನನಗೆ ಬೇಡವೆನಿಸಲಿಲ್ಲ. ಆತ ಚಹಾದ ಬಸಿಯನ್ನು ತಾನೇ ಒಳಗೆ ತಂದು, "ಇದನ್ನ ಎಲ್ಲಿ ಇಡಲ್ರಿ?" ಎಂದು ಮೆಲ್ಲಗೆ ಕೇಳಿದ್ದು ನನಗೆ ಹಿಡಿಸಿತ್ತು. ಆದರೆ ಹತ್ತು ವರ್ಷ ಓದಿ ಕಾದದ್ದು ಇಷ್ಟಕ್ಕೇನಾ ಎಂಬ ಸಣ್ಣ ಅವಮಾನವೂ ಇತ್ತು. ಇಷ್ಟು ಸಾದಾ ಮನುಷ್ಯ ಇರಲು ಸಾಧ್ಯವಿಲ್ಲ, ಒಳಗೆ ಏನೋ ಇರಲೇಬೇಕು ಎಂದು ತೀರ್ಮಾನಿಸಿ ಹುಡುಕತೊಡಗಿದೆ.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಆರಾಧನೆಯಲ್ಲಿ ಪ್ರಕಟಣೆ ಓದುತ್ತಾರೆ. ಇಂಥವನಿಗೂ ಇಂಥವಳಿಗೂ ವಿವಾಹ ಗೊತ್ತಾಗಿದೆ, ಯಾರದಾದರೂ ಆಕ್ಷೇಪಣೆ ಇದ್ದರೆ ಸಭಾಪಾಲಕರಿಗೆ ತಿಳಿಸಬೇಕು ಎಂದು. ಮೂರೂ ಸಲ ಓದದೆ ಮದುವೆ ಆಗುವಂತಿಲ್ಲ. ಆಕ್ಷೇಪಣೆ ಯಾರೂ ಎಂದೂ ಎತ್ತಿದ್ದಿಲ್ಲ. ಆ ವಾಕ್ಯ ಬಂದಾಗ ಜನ ಕೀರ್ತನೆ ಪುಸ್ತಕದಲ್ಲಿ ಮುಂದಿನ ನಂಬರು ಹುಡುಕುತ್ತಿರುತ್ತಾರೆ.

ಮೊದಲ ಪ್ರಕಟಣೆಯ ಮರುದಿನ ಅವ್ವ ಆತನನ್ನು ಗುರುವಾರ ಊಟಕ್ಕೆ ಕರೆದಳು. "ಗುರುವಾರ ಬ್ಯಾಡ್ರಿ," ಎಂದ. ಕಾರಣ ಹೇಳಲಿಲ್ಲ. ಸೀರೆ ತರಲು ಹೊರಟಾಗ, ದುರ್ಗದಬೈಲಿನ ಪೇಟೆಗೆ ಹೋಗೋಣ ಎಂದರೆ, ಆ ಕಡೆ ಬ್ಯಾಡ ಎಂದು ಸುತ್ತು ಹಾಕಿ ಬೇರೆಡೆಗೆ ಕರೆದೊಯ್ದ. ಹುಬ್ಬಳ್ಳಿಯ ಪೊಲೀಸನೊಬ್ಬ ದುರ್ಗದಬೈಲಿಗೆ ಹೆದರುವುದೆಂದರೇನು? ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲೇ ಕೂರುತ್ತಿದ್ದ. ಕಾದಂಬರಿಗಳ ಪತ್ತೇದಾರರೂ ಬಾಗಿಲು ಕಾಣುವಂತೆ ಹಿಂದೆಯೇ ಕೂರುತ್ತಾರೆ. ನಮ್ಮ ಚರ್ಚಿನಲ್ಲಿ ತಿರುಗುವ ಫ್ಯಾನು ಆ ಬೆಂಚಿನ ಮೇಲೊಂದೇ ಇದ್ದದ್ದು ನನಗೆ ಹೊಳೆಯಲೇ ಇಲ್ಲ.

ಎಸ್‌ಟಿಡಿ ಬೂತಿನಿಂದ ಠಾಣೆಗೆ ಫೋನು ಮಾಡಿದೆ. ಹೆಸರು ಹೇಳಲಿಲ್ಲ. ಎತ್ತಿದ ಕಾನ್‌ಸ್ಟೇಬಲ್ ಸಂಕೋಚವಿಲ್ಲದೆ ಹೇಳಿದ: "ಸಾಹೇಬ್ರು ಗುರುವಾರ ಸಂಜಿಮುಂದ ಸಿಗೂದಿಲ್ರಿ. ಹಳೇ ಹುಬ್ಬಳ್ಳಿಗೆ ಹೋಗ್ತಾರ. ಒಂದು ಮನಿ ಐತ್ರಿ ಅಲ್ಲಿ."

ಒಂದು ಮನೆ. ಡೈರಿಯಲ್ಲಿ ಈ ಎರಡು ಪದಗಳ ಕೆಳಗೆ ಮೂರು ಗೆರೆ ಎಳೆದಿದ್ದೇನೆ.

ಎರಡನೆಯ ಪ್ರಕಟಣೆ ಆದ ಭಾನುವಾರವೇ ಚರ್ಚಿನ ಪಕ್ಕದಲ್ಲಿ ಅಯ್ಯನವರು ಕೂರುವ ಕೋಣೆಗೆ, ಅಂದರೆ ವೆಸ್ಟ್ರಿಗೆ ಹೋಗಿ ಅವರ ಕೈಗೆ ಚೀಟಿ ಕೊಟ್ಟೆ. ಅದರ ನಕಲು ಡೈರಿಯಲ್ಲಿದೆ. ಓದಲು ನಾಚಿಕೆಯಾಗುತ್ತದೆ: "ವರನ ಬದುಕಿನಲ್ಲಿ ನನ್ನಿಂದ ಮರೆಮಾಡಲಾದ ಕತ್ತಲೆಯ ಅಧ್ಯಾಯವೊಂದಿದೆಯೆಂದು ನಂಬಲು ಕಾರಣಗಳಿರುವುದರಿಂದ, ಮೂರನೆಯ ಪ್ರಕಟಣೆಯನ್ನು ತಡೆಹಿಡಿಯಬೇಕಾಗಿ ವಿನಂತಿ."

ಅಯ್ಯನವರು ಎರಡು ಸಲ ಓದಿದರು. "ಇದು ನಿನ್ನ ಮದವಿ ಅಲ್ಲೇನವಾ?"

"ಹೌದ್ರಿ."

"ನಿನ್ನ ಮದವಿಗೆ ನೀನ ಆಕ್ಷೇಪಣಿ ಕೊಡಾಕತ್ತಿ."

"ಹೌದ್ರಿ."

"ಬ್ಯಾಡಾಗಿದ್ರ ಬ್ಯಾಡ ಅನ್ನು. ಅಲ್ಲಿಗೆ ಮುಗೀತು."

"ಬ್ಯಾಡ ಅಂತಲ್ರಿ ಅಯ್ಯನವರ. ಚೌಕಶಿ ಆಗ್ಬೇಕು."

ಅವರು ಕನ್ನಡಕ ಒರೆಸಿಕೊಂಡು ಸಭೆಯ ನಿಯಮದ ಪುಸ್ತಕ ತೆಗೆದರು. ಆಕ್ಷೇಪಣೆ ಬಂದರೆ ಅದನ್ನು ಎದುರಿನವರಿಗೆ ಲಿಖಿತವಾಗಿ ತಿಳಿಸಿ, ಲಿಖಿತವಾಗಿಯೇ ಉತ್ತರ ಪಡೆಯಬೇಕು ಎಂದಿತ್ತು. "ಇಷ್ಟ ವರ್ಷದಾಗ ಈ ಪುಟಾ ತಗದದ್ದ ಇಲ್ಲ ನೋಡು," ಎಂದರು. ಅವರ ಮುಖದಲ್ಲಿ ಸಂಕಟದ ಜೊತೆ ಒಂದಿಷ್ಟು ಉತ್ಸಾಹವೂ ಇತ್ತೆಂದು ನನ್ನ ನೆನಪು. ಇದು ಮಾತ್ರ ಡೈರಿಯಲ್ಲಿಲ್ಲ, ಆದರೂ ನಂಬುತ್ತೇನೆ.

ಚೌಕಶಿ, ಅಂದರೆ ವಿಚಾರಣೆ, ನಾನೇ ಮಾಡುವುದೆಂದು ನಿಶ್ಚಯಿಸಿದ್ದೆ. ಒಬ್ಬಳೇ ಹೋಗಲು ಧೈರ್ಯವಿಲ್ಲದೆ ಅಕ್ಕೋರಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡರು.

"ದೂರ ನಿಂತು ನೋಡ್ಬೇಕು. ಹತ್ರ ಹ್ವಾದಾಕಿ ಸಿಕ್ಕ್ ಬೀಳ್ತಾಳ," ಎಂದರು, ಗುರುವಾರ ಸಂಜೆ ಠಾಣೆಯಿಂದ ಆತನ ಹಿಂದೆಯೇ ಹೊರಟ ಆಟೋದಲ್ಲಿ. "ಮತ್ತ ಇನ್ನೊಂದ ಕೇಳು. ಮೂರನೇ ಅಧ್ಯಾಯದಾಗ ಯಾರ ಮ್ಯಾಲೆ ಸಂಶಯ ಬರ್ತದ, ಅಂವ ಎಂದೂ ಕೊಲೆಗಾರ ಇರಂಗಿಲ್ಲ."

"ಅಕ್ಕೋರ, ನೀವು ಅವನ್ನೆಲ್ಲಾ ಓದೀರೇನ್ರಿ?"

"ಓದದ ಹೆಂಗ ಅಂಟಸ್ಲಿ?"

ಹಳೇ ಹುಬ್ಬಳ್ಳಿಯ ಆ ಓಣಿ ಎರಡು ಸೈಕಲ್ಲು ಎದುರಾದರೆ ಒಂದು ಇಳಿಯಬೇಕಾದಷ್ಟು ಕಿರಿದು. ಆತ ಸಾದಾ ಅಂಗಿಯಲ್ಲಿ, ಬಗಲಲ್ಲಿ ಬಟ್ಟೆಯ ಚೀಲ ಹಿಡಿದು, ಹಸಿರು ಬಾಗಿಲಿನ ಮನೆಯೊಳಗೆ ಹೋದದ್ದನ್ನು ಕಂಡೆವು. ಒಳಗೆ ಹೆಂಗಸೊಬ್ಬಳು ನಕ್ಕದ್ದು ಕೇಳಿಸಿತು. ಅಕ್ಕೋರು ನನ್ನ ಮೊಣಕೈ ಹಿಡಿದುಕೊಂಡರು. ನಿಲ್ಲಲು ಇದ್ದ ಜಾಗ ಒಂದೇ: ಎದುರಿನ, ಹಾಸಿಗೆ ಹೊಲಿದುಕೊಡುವ ಗಾದಿ ಅಂಗಡಿ. ಒಳಗೆ ಇಬ್ಬರು ಹತ್ತಿ ಹಿಂಜುತ್ತಿದ್ದರು. ಗಾಳಿಯಲ್ಲೆಲ್ಲ ಅದರ ನವಿರು ತೇಲುತ್ತಿತ್ತು.

"ಬರ್ರಿ ಅಮ್ಮಾರ. ಗಾದಿ ಬೇಕೇನ್ರಿ?" ಎಂದ ಅಂಗಡಿಯಾತ.

"ಹೂಂ," ಎಂದೆ, ಹಸಿರು ಬಾಗಿಲಿನಿಂದ ಕಣ್ಣು ತೆಗೆಯದೆ.

"ಯಾರಿಗ್ರಿ?"

"ಈಕಿ ಮದವಿ ಐತಿ," ಎಂದರು ಅಕ್ಕೋರು.

"ಮುಬಾರಕ್. ಹಂಗಾದ್ರ ಒಬ್ಬರದೋ, ಇಬ್ಬರದೋ?"

ಹತ್ತು ವರ್ಷ ಮುತ್ತುಗಳನ್ನು ಅಂಟಿಸಿದ ಅಕ್ಕೋರು ಗೋಡೆಯ ಕಡೆ ನೋಡುತ್ತ, ಬಲು ಸಣ್ಣ ದನಿಯಲ್ಲಿ, "ಇಬ್ಬರದು," ಎಂದರು.

ಉದ್ದ, ಅಗಲ, ಬಟ್ಟೆಯ ಬಣ್ಣ, ಹೊಸ ಹತ್ತಿಯೋ ಹಳೆಯದೋ ಎಂದು ಒಂದು ತಾಸು ಎಳೆದೆವು. ಬಾಗಿಲು ತೆರೆದು ಆತ ಹೊರಬರುವ ಹೊತ್ತಿಗೆ ನನಗೆ ಏಳನೆಯ ಸೀನು ಬಂದಿತ್ತು. ಆತ ತಿರುಗಿ ನೋಡಿದ. ನನ್ನ ತಲೆ, ಹುಬ್ಬು, ಹೆಗಲು ಎಲ್ಲ ಬೆಳ್ಳಗಾಗಿದ್ದವು.

"ಗಾದಿ ಮಾಡ್ಸಾಕ ಬಂದಿದ್ವಿ," ಎಂದೆ.

ಅಂಗಡಿಯಾತ ಒಳ್ಳೆಯ ಮನುಷ್ಯ. ಪೊಲೀಸರಿಗೆ ಸುಳ್ಳು ಹೇಳುವವನಲ್ಲ. "ಸಾಹೇಬ್ರ, ಗಾದಿ ಬರೇ ನೆಪ ರೀ. ಇವ್ರು ಬಂದಾಗಿಂದ ಚಾಚಾನ ಬಾಗಲಾನ ನೋಡಾಕತ್ತಾರ."

ಆತ ಹಸಿರು ಬಾಗಿಲನ್ನು ಮತ್ತೆ ತಳ್ಳಿ, "ಒಳಗ ಬರ್ರಿ," ಎಂದ.

ಒಳಗೆ ಚಾಪೆಯ ಮೇಲೆ ಎಪ್ಪತ್ತರ ಆಸುಪಾಸಿನ ಗಡ್ಡದ ಹಿರಿಯರೊಬ್ಬರು, ಮುಂದೆ ಇಳಿಜಾರು ಮೇಜು, ಕಾಗದದ ಕಟ್ಟು. ನಕ್ಕವರು ಅವರ ಹೆಂಡತಿ; ನಮ್ಮನ್ನು ನೋಡಿ ಈಗಲೂ ನಕ್ಕು, ಸೆರಗಿನಿಂದ ನನ್ನ ತಲೆಯ ಹತ್ತಿ ಒರೆಸಿದರು. ಓಣಿಯವರೆಲ್ಲ ಚಾಚಾ ಎನ್ನುತ್ತಿದ್ದ ಆ ಹಿರಿಯರು ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಂಡವರು, ಪೊಲೀಸರ ಭಾಷೆಯಲ್ಲಿ ರೈಟರ್. ಕಥೆ ಬರೆದು ರೈಟರ್ ಅನ್ನಿಸಿಕೊಳ್ಳುವ ಆಸೆ ನನಗೆ ಎಂದಿನಿಂದಲೂ ಇತ್ತು.

ಆತ ನಿಧಾನವಾಗಿ ಹೇಳಿದ. ನೌಕರಿಯ ಮೊದಲ ವರ್ಷ ಮುದುಕಿಯೊಬ್ಬಳ ಹೊಲಿಗೆಯ ಮಶೀನು ಕಳುವಾಗಿತ್ತು. ಕಳ್ಳನೂ ಸಿಕ್ಕಿದ್ದ, ಮಾಲೂ ಸಿಕ್ಕಿತ್ತು. ಮಾಲು ಸಿಕ್ಕ ಜಾಗದಲ್ಲಿ ಇಬ್ಬರು ಪಂಚರ, ಅಂದರೆ ಸಾಕ್ಷಿಗಳ ಎದುರು ಕಂಡದ್ದನ್ನು ಕಂಡಂತೆ ಬರೆಯುವ ಪಂಚನಾಮೆಯನ್ನು ಆತ ಠಾಣೆಯಲ್ಲೇ ಕೂತು ರೂಢಿಯ ಮಾತುಗಳಲ್ಲಿ ಬರೆದುಬಿಟ್ಟಿದ್ದ. "ಬಾಗಿಲನ್ನು ತೆರೆದು ಒಳಪ್ರವೇಶಿಸಿ" ಎಂದಿತ್ತು. ಕೋರ್ಟಿನಲ್ಲಿ ವಕೀಲರು ಬಾಗಿಲು ಯಾವ ಕಡೆ ತೆರೆಯುತ್ತಿತ್ತು ಎಂದು ಕೇಳಿದರು. ಪಂಚ, ಅಲ್ಲಿ ಬಾಗಿಲೇ ಇರಲಿಲ್ಲ, ಗೋಣಿತಟ್ಟು ಕಟ್ಟಿತ್ತು ಎಂದ. ಕಳ್ಳ ಬಿಡುಗಡೆಯಾದ, ಮಶೀನು ತನ್ನದೆಂದು ಒಯ್ದ.

"ಆ ಮುದುಕಿ ಈಗ ದುರ್ಗದಬೈಲನ್ಯಾಗ ಕೊತಂಬ್ರಿ ಮಾರ್ತಾಳ್ರಿ," ಎಂದ. "ನನ್ನ ನೋಡಿದ್ರ ಕೈ ಮುಗೀತಾಳ. ಅದಕ್ಕ ಆ ಕಡೆ ಹಾಯಂಗಿಲ್ಲ."

ಆಮೇಲಿಂದ ಗುರುವಾರ ಗುರುವಾರ ಬಂದು, ಕಂಡದ್ದನ್ನು ಬರೆಯುವುದನ್ನು ಈ ಚಾಚಾನ ಹತ್ತಿರ ಕಲಿಯುತ್ತಿದ್ದ. ಅಂದಿನ ಪಾಠ ಈ ಕೋಣೆಯ ವರ್ಣನೆ. ಚಾಚಾ ಎರಡು ಸಲ ಹರಿದುಹಾಕಿದ್ದರಂತೆ.

"ಇವ್ರು ಎಂ.ಎ. ಅಂತ ಅಲ್ಲೇನು?" ಎಂದರು ಚಾಚಾ. "ಬರೀಲಿ ನೋಡೂಣು."

ಬರೆದೆ. ಚಾಚಾ ಗಟ್ಟಿಯಾಗಿ ಓದಿದರು. "'ಮಬ್ಬು ಬೆಳಕಿನ ಆ ಕೋಣೆಯಲ್ಲಿ ಆಕೆಯ ಹೃದಯ ಹೊಡೆದುಕೊಳ್ಳುತ್ತಿತ್ತು.' ಛಲೋ. ಈ ಹೃದಯ ಬಾಗಲದಿಂದ ಎಷ್ಟು ಫೂಟ್ ದೂರ ಇತ್ರಿ?"

ಅಕ್ಕೋರು ಮುಖ ಮುಚ್ಚಿಕೊಂಡು ನಕ್ಕರು. ಆತ ನಗಲಿಲ್ಲ. "ನಾನೂ ಮೊದ್ಲ ಹಂಗ ಬರೀತಿದ್ದೆ ಬಿಡ್ರಿ," ಎಂದು ಕಾಗದ ತೆಗೆದಿಟ್ಟ. ಚಹಾ ಬಂತು. ನನ್ನ ಚೀಟಿಯನ್ನು ಅಯ್ಯನವರು ಆತನಿಗೆ ಕಳಿಸಲಿದ್ದಾರೆಂದು ನನಗೆ ಗೊತ್ತಿತ್ತು, ಆತನಿಗಿನ್ನೂ ಮುಟ್ಟಿಲ್ಲವೆಂಬುದು ಆತ ಬಸಿ ನನ್ನ ಕಡೆ ಸರಿಸಿದ ರೀತಿಯಲ್ಲೇ ತಿಳಿಯುತ್ತಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಸಕ್ಕರೆ ಕಡಿಮೆಯಾಯಿತೇ ಎಂದು ಚಾಚಾನ ಹೆಂಡತಿ ಕೇಳಿದರು. ಇಲ್ಲ ಎಂದೆ. ಅಷ್ಟೇ ಹೇಳಿದ್ದು.

ಮರುದಿನ ಬೆಳಿಗ್ಗೆ ಓಡಿದೆ. "ಅಯ್ಯನವರ, ಚೀಟಿ ವಾಪಸ್ ಕೊಡ್ರಿ."

"ಸೋಮವಾರನ ರಿಜಿಸ್ಟರ್ ಪೋಸ್ಟ್ ಹಾಕೀನವಾ," ಎಂದರು. "ಠಾಣೆ ವಿಳಾಸಕ್ಕ. ಕಾಯದಶೀರ, ನಿಯಮದ ಪ್ರಕಾರ ಆಗ್ಬೇಕಲ್ಲ."

ಮನೆಗೆ ಬಂದು ಅವ್ವನಿಗೆ ಎಲ್ಲ ಒಪ್ಪಿಸಿದೆ. "ದೇವ್ರು ನಿನಗ ಬುದ್ಧಿ ಕೊಟ್ಟಿದ್ದ," ಎಂದಳು. "ಎಲ್ಲಾ ಎಂ.ಎ.ಕ್ಕ ಖರ್ಚ ಮಾಡಿ ಬಂದಿ."

ಮಧ್ಯಾಹ್ನ ಬೂತಿನಿಂದ ಠಾಣೆಗೆ ಫೋನು ಮಾಡಿದೆ. ಈ ಸಲ ಹೆಸರು ಹೇಳಿದೆ. ಅದೇ ಕಾನ್‌ಸ್ಟೇಬಲ್. "ನಿಮ್ಮ ಚರ್ಚಿನ ಕಾಗದ ಈಗ ಬಂತ್ರಿ. ಒಡದು ಇನ್‌ವರ್ಡ್ ನಂಬರ್ ಹಾಕೇವಿ. ಎಲ್ಲಾರೂ ಓದೀವ್ರಿ. 'ಕತ್ತಲೆಯ ಅಧ್ಯಾಯ' ಭಾಳ ಛಲೋ ಬರದೀರಿ."

ಆಮೇಲೆ ಆತನೇ ಫೋನಿಗೆ ಬಂದ. "ಹೇಳ್ರಿ."

"ಕಾಗದ..."

"ಓದೀನಿ."

"ಅದನ್ನ ಹ್ವಾದ ಭಾನುವಾರ ಬರದಿದ್ದು. ನಿನ್ನೆ ಅಲ್ಲಿ ಬರೂಕಿಂತ ಮೊದ್ಲ."

"ತಾರೀಖ ಐತಿ ಅದರಾಗ."

ಬೂತಿನ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು.

"ಠಾಣ್ಯಾಗ ನಗಾಕತ್ತಾರ. ಅದೇನ ದೊಡ್ಡದಲ್ಲ," ಎಂದ. "ನಿನ್ನೆ ಚಾಚಾನ ಮನ್ಯಾಗ ನನ್ನ ಎದುರ ಕುಂತು ಚಾ ಕುಡದ್ರಿ. ಆವಾಗರ ಹೇಳ್ಬೇಕಿತ್ತು."

ಫೋನು ಇಟ್ಟ. ಆತ ಇನ್ನು ಒಲ್ಲೆ ಎನ್ನುತ್ತಾನೆ ಎಂದುಕೊಂಡೆ. ಅನ್ನಲು ಆತನಿಗೆ ಹಕ್ಕಿತ್ತು. ಆ ಹೊತ್ತಿನಲ್ಲಿ ನನ್ನ ತಲೆಯೊಳಗೆ ಯಾವ ಕಾದಂಬರಿಯೂ ಇರಲಿಲ್ಲ. ಆತ ಹೋಗಿಬಿಟ್ಟರೆ ಏನು ಮಾಡುವುದೆಂಬ ಒಂದೇ ವಿಚಾರ ಇತ್ತು. ಡೈರಿಯಲ್ಲಿ ಆ ಶುಕ್ರವಾರ, ಶನಿವಾರದ ಪುಟಗಳಲ್ಲಿ ಏನೂ ಬರೆದಿಲ್ಲ. ಇಡೀ ಡೈರಿಯಲ್ಲಿ ನಾನು ಧೈರ್ಯವಾಗಿ ನಂಬುವ ಪುಟಗಳು ಅವೆರಡೇ.

ಶನಿವಾರ ಉತ್ತರ ಬರಲಿಲ್ಲ. ಭಾನುವಾರ ಆರಾಧನೆಗೆ ಕಾಲು ತಾಸು ಮೊದಲು ಅದೇ ಕಾನ್‌ಸ್ಟೇಬಲ್ ಸೈಕಲ್ ಮೇಲೆ ಬಂದು, ಟಪಾಲು ವಹಿಯಲ್ಲಿ ಅಯ್ಯನವರ ಸಹಿ ಮಾಡಿಸಿಕೊಂಡು ಲಕೋಟೆ ಕೊಟ್ಟ. ಸಾಹೇಬರಿಗೆ ಬಂದೋಬಸ್ತು ಇದೆ, ಬರುವುದಿಲ್ಲ ಎಂದ. ಅಯ್ಯನವರು ನನ್ನನ್ನು ವೆಸ್ಟ್ರಿಗೆ ಕರೆದು ಓದಿದರು. ಆ ಕಾಗದ ನನ್ನ ಹತ್ತಿರ ಈಗಲೂ ಇದೆ. ಆದ್ದರಿಂದ ಇಲ್ಲಿ ನೆನಪಿನ ಮೇಲೆ ಭಾರ ಹಾಕಬೇಕಿಲ್ಲ:

"ಗುರುವಾರ ಸಂಜೆ ಸುಮಾರು ಆರೂವರೆಗೆ ನಾನು ಚಾಚಾ ಅವರ ಮನೆಯಿಂದ ಹೊರಬಂದಾಗ ಆಕ್ಷೇಪಣೆ ಸಲ್ಲಿಸಿದವರು ಎದುರಿನ ಅಂಗಡಿಯ ಮೆಟ್ಟಿಲ ಮೇಲೆ, ನನ್ನಿಂದ ಎಂಟು ಫೂಟು ದೂರದಲ್ಲಿ ನಿಂತಿದ್ದರು. ತಲೆಯ ಮೇಲೆ ಹತ್ತಿ ಇತ್ತು. ಏಕೆ ಬಂದಿರೆಂದು ನಾನು ಕೇಳುವ ಮೊದಲೇ ಗಾದಿ ಎಂದರು. ಅದು ಸುಳ್ಳು. ಗುರುವಾರ ನಾನು ಎಲ್ಲಿಗೆ ಹೋಗುತ್ತೇನೆಂದು ಅವರಿಗೆ ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಬರೆಯಲು ಬರುವುದಿಲ್ಲವೆಂದು ಎಂ.ಎ. ಆದವರಿಗೆ ಹೇಳಲು ನಾಚಿಕೆಯಾಯಿತು. ಈ ಮದುವೆಗೆ ನನ್ನ ಕಡೆಯಿಂದ ಆಕ್ಷೇಪಣೆ ಇಲ್ಲ. ಅವರಿಗೆ ಇನ್ನೇನಾದರೂ ಕೇಳುವುದಿದ್ದರೆ ನನ್ನನ್ನೇ ಕೇಳಬಹುದು. ಗುರುವಾರವೂ ಕೇಳಬಹುದು."

"ಈಗ ನಿನ್ನದು ಉಳಿಸ್ಕೋತಿಯೋ, ತೆಗೀತಿಯೋ?" ಎಂದರು ಅಯ್ಯನವರು. "ಏನಿದ್ರೂ ಬರದು ಕೊಡು."

ಹೊರಗೆ ಮೊದಲ ಗಂಟೆ ಹೊಡೆಯುತ್ತಿತ್ತು. ಮೊದಲು ಬರೆದ ವಾಕ್ಯದಲ್ಲಿ "ಕಣ್ಣೀರು" ಎಂದಿತ್ತು. ಅತ್ತಿರಲಿಲ್ಲವಾದ್ದರಿಂದ ಹೊಡೆದುಹಾಕಿದೆ. ಉಳಿದದ್ದು ಇಷ್ಟು: "ನೋಡುವ ಮೊದಲೇ ಬರೆದೆ. ನೋಡಿದ ಮೇಲೆ ಹೇಳಲಿಲ್ಲ. ಎರಡೂ ನನ್ನ ತಪ್ಪು. ಆಕ್ಷೇಪಣೆ ಹಿಂತೆಗೆದುಕೊಂಡಿದ್ದೇನೆ." ಅಯ್ಯನವರು ಅದನ್ನು ಮಡಚಿ ನಿಯಮದ ಪುಸ್ತಕದ ಆ ಪುಟದಲ್ಲೇ ಇಟ್ಟರು.

ಆರಾಧನೆಯಲ್ಲಿ ಮೂರನೆಯ ಪ್ರಕಟಣೆ ಓದಿದರು. ಯಾರದಾದರೂ ಆಕ್ಷೇಪಣೆ ಇದ್ದರೆ ಎಂಬಲ್ಲಿಗೆ ಬಂದಾಗ ಯಾರೂ ಕೀರ್ತನೆಯ ನಂಬರು ಹುಡುಕುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಸಭೆಗೆಲ್ಲ ಗೊತ್ತಾಗಿತ್ತು. ಎಲ್ಲರೂ ನನ್ನನ್ನೇ ನೋಡಿದರು. ಅಯ್ಯನವರೂ ನೋಡಿದರು, ಮೊದಲೆರಡು ಸಲಕ್ಕಿಂತ ಜಾಸ್ತಿ ಹೊತ್ತು ನಿಂತರು. ಪಕ್ಕದಲ್ಲಿದ್ದ ಅವ್ವ, ನಾನೆಲ್ಲಿ ಎದ್ದುಬಿಡುತ್ತೇನೋ ಎಂಬಂತೆ ನನ್ನ ಸೀರೆಯ ಅಂಚನ್ನು ಕಾಲಿನಿಂದ ಒತ್ತಿ ಹಿಡಿದಿದ್ದಳು.

ಹೊರಗೆ ಬಂದಾಗ ಕಾನ್‌ಸ್ಟೇಬಲ್ ಬೇವಿನ ಮರದ ಕೆಳಗೆ ಇನ್ನೂ ನಿಂತಿದ್ದ. "ಮೂರನೇ ಪ್ರಕಟಣಿ ಓದಿದ್ರೋ ಇಲ್ಲೋ ಕೇಳ್ಕೊಂಡು ಬಾ ಅಂದಾರ್ರಿ ಸಾಹೇಬ್ರು."

"ಓದಿದ್ರು ಅಂತ ಹೇಳ್ರಿ," ಎಂದೆ.

"ನಾ ಹೇಳಿದ್ರ ನಂಬೂದಿಲ್ರಿ ಅವ್ರು, ಬರದದ್ದ ಬೇಕಂತಾರ," ಎಂದು ಆತ ಟಪಾಲು ವಹಿ ತೆರೆದು ಕೊಟ್ಟ. ಅಯ್ಯನವರ ಸಹಿಯ ಕೆಳಗೆ ಒಂದು ಗೆರೆ ಖಾಲಿ ಇತ್ತು. ಕಾನ್‌ಸ್ಟೇಬಲ್‌ನ ಕೈಗಡಿಯಾರ ನೋಡಿ, ಅರ್ಧ ತಾಸು ಕಳೆದು, "ಹನ್ನೊಂದೂ ಕಾಲಿಗೆ ಓದಿದರು. ನಾನು ಎದುರಿಗೇ ಇದ್ದೆ," ಎಂದು ಬರೆದು ಸಹಿ ಮಾಡಿದೆ.